‘ನಾನು ಯೋಗ್ಯನಲ್ಲ’ ಎನ್ನುವವರು ಕರ್ತನ ಮೇಜಿಗೆ ಹೋಗಬಹುದೇ?

ಪ್ರಶ್ನೆ: ಯಶವಂತಪುರದಲ್ಲಿರುವ 36 ವರ್ಷದವನು ನಾನು. ಹುಟ್ಟು ಕ್ರೈಸ್ತ, ಪ್ರತಿ ಭಾನುವಾರ ಕನ್ನಡ ಆರಾಧನೆಗೆ ಹೋಗುತ್ತೇನೆ. ಆದರೆ ಒಂದು ವರ್ಷದಿಂದ ಯೇಸುವಿನ ನೆನಪಿನ ಕರ್ತನ ಭೋಜನವನ್ನು, ಆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು, ತೆಗೆದುಕೊಂಡಿಲ್ಲ. ‘ಅಯೋಗ್ಯವಾಗಿ ತಿಂದರೆ’ ಎಂದು ಓದುವುದು ಕಿವಿಗೆ ಬಿದ್ದ ಕೂಡಲೇ ಎದೆ ಝಲ್ಲೆನ್ನುತ್ತದೆ. ಎಲ್ಲರೂ ಎದ್ದು ಮುಂದೆ ಹೋಗುವಾಗ ಕಡೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತೇನೆ. ಮೂರು ವರ್ಷದ ಹಿಂದೆ ತಂಗಿ ಚೀಟಿ ಎತ್ತಿ ಕೊಟ್ಟ 40,000 ರೂಪಾಯಿ ವಾಪಸ್ ಕೊಡದೆ ಸುಳ್ಳು ಹೇಳಿಕೊಂಡು ಬಂದಿದ್ದೇನೆ. ಅದಕ್ಕೆ ದೇವರಲ್ಲಿ ಎಷ್ಟು ಸಲ ಕ್ಷಮೆ ಬೇಡಿದೆನೋ ಲೆಕ್ಕವಿಲ್ಲ. ಎರಡು ದಿನ ಸಮಾಧಾನ, ಮೂರನೆಯ ದಿನ ಮತ್ತೆ ಅದೇ. ಚಿಕ್ಕಂದಿನಿಂದ ಅಪ್ಪ ನನ್ನನ್ನು ‘ಅಯೋಗ್ಯ’ ಎಂದೇ ಬೈದವರು. ದೇವರು ಪ್ರೀತಿಸುತ್ತಾನೆ ಎಂದು ಗೊತ್ತು, ಆದರೆ ಆ ಮಾತು ನನಗಲ್ಲ ಅನಿಸುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ನೋವುಗಳು ‘ಅಯೋಗ್ಯ’ ಎಂಬ ಒಂದೇ ಪದದೊಳಗೆ ಕಲಸಿಹೋಗಿವೆ. ಒಂದು, ಸತ್ಯವೇದದ ಒಂದು ವಾಕ್ಯ. ಇನ್ನೊಂದು, ತಂಗಿಯ ದುಡ್ಡು. ಮೂರನೆಯದು ಅಪ್ಪನ ಬೈಗುಳ. ಈ ಮೂರಕ್ಕೂ ಒಂದೇ ಮದ್ದು ಹಾಕಿದ್ದೀರಿ, ಕ್ಷಮೆ ಬೇಡುವುದು. ಅದು ಒಂದಕ್ಕೆ ಅರ್ಧ ಮದ್ದು, ಉಳಿದೆರಡಕ್ಕೆ ಮದ್ದೇ ಅಲ್ಲ. ಮೂರನೆಯ ದಿನ ನೋವು ಮರಳುವುದು ಅದಕ್ಕೇ. ಒಂದೊಂದಾಗಿ ಬಿಡಿಸೋಣ.

ಮೊದಲು ಆ ವಾಕ್ಯ. 1 ಕೊರಿಂಥ 11:27ರಲ್ಲಿ ಪೌಲ ಬರೆದಿರುವ ಪದ ‘ಅಯೋಗ್ಯವಾಗಿ’. ನಿಮ್ಮ ಕಿವಿ ಕೇಳಿಸಿಕೊಂಡಿದ್ದು ‘ಅಯೋಗ್ಯನು’. ಕನ್ನಡದಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ‘ಅವನು ಒರಟಾಗಿ ಮಾತಾಡಿದ’ ಎಂದರೆ ಮಾತಾಡಿದ ರೀತಿಯ ಬಗ್ಗೆ ಹೇಳಿದ್ದು. ಒಳ್ಳೆಯ ಮನುಷ್ಯನೂ ಒಂದು ದಿನ ಒರಟಾಗಿ ಮಾತಾಡಬಹುದು. ಗ್ರೀಕ್ ಮೂಲದಲ್ಲಿರುವ ‘ಅನಾಕ್ಸಿಯೋಸ್’ ಕೂಡ ಹಾಗೆಯೇ ಕ್ರಿಯಾವಿಶೇಷಣ, ತಿನ್ನುವ ರೀತಿಯನ್ನು ಹೇಳುವ ಪದ. ಯಾವ ರೀತಿ ತಿಂದರೆ ಅಯೋಗ್ಯವಾಗಿ ತಿಂದ ಹಾಗೆ ಎಂಬುದನ್ನು ಪೌಲ ನಮ್ಮ ಊಹೆಗೆ ಬಿಟ್ಟಿಲ್ಲ. ಆರು ವಚನ ಹಿಂದಕ್ಕೆ ಹೋಗಿ 21ನ್ನು ಓದಿ.

ಕೊರಿಂಥ ಪಟ್ಟಣದ ಸಭೆಗೆ ಪೌಲ ಕ್ರಿ.ಶ. 55ರ ಸುಮಾರಿಗೆ ಬರೆದ ಪತ್ರ ಅದು. ಆಗ ಕ್ರೈಸ್ತರಿಗೆ ದೇವಾಲಯದ ಕಟ್ಟಡಗಳಿರಲಿಲ್ಲ. ಸಭೆ ಸೇರುತ್ತಿದ್ದದ್ದು ಮನೆಗಳಲ್ಲಿ, ಕರ್ತನ ಭೋಜನ ನಡೆಯುತ್ತಿದ್ದದ್ದು ಹೊಟ್ಟೆ ತುಂಬುವ ಊಟದ ಜೊತೆಗೆ. ಅನುಕೂಲಸ್ಥರು ತಾವು ತಂದಿದ್ದನ್ನು ತಾವೇ ಮುಂಚಿತವಾಗಿ ತಿಂದು ಮುಗಿಸುತ್ತಿದ್ದರು. ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಿದ್ದ. ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು 22ರಲ್ಲಿ ಪೌಲ ಸಿಟ್ಟಾಗುವುದು ಇದಕ್ಕೆ. ಅವನು ಕೊಡುವ ಪರಿಹಾರವೂ ಊಟದ್ದೇ: ಸೇರಿ ಬಂದಾಗ ಒಬ್ಬರಿಗೊಬ್ಬರು ಕಾದುಕೊಳ್ಳಿ (33). ನಿಮ್ಮನ್ನು ಹೆಚ್ಚು ಹೆದರಿಸಿದ್ದು ಬಹುಶಃ 30ನೆಯ ವಚನ, ಹಲವರು ಕಾಯಿಲೆ ಬಿದ್ದದ್ದು, ಕೆಲವರು ಸತ್ತದ್ದು. ಆ ಎಚ್ಚರಿಕೆ ಹೇಳಿದ್ದು ಬಡವರ ಮುಂದೆ ಉಂಡು ತೇಗಿದವರಿಗೆ. ಅದನ್ನೂ 32ರಲ್ಲಿ ಪೌಲ ಕರ್ತನು ಕೊಡುವ ಶಿಕ್ಷಣ ಎನ್ನುತ್ತಾನೆ, ಲೋಕದ ಜೊತೆ ಅಪರಾಧಿಗಳೆಂದು ತೀರ್ಪಾಗದಿರಲಿ ಎಂದು ಕೊಡುವ ಶಿಕ್ಷಣ.

27 ಮತ್ತು 30ರ ನಡುವೆ 28ನೆಯ ವಚನ ಇದೆ. ಕಡೆಯ ಬೆಂಚಿನಲ್ಲಿ ಕೂತವರು ಅದನ್ನು ಅರ್ಧ ಓದಿ ನಿಲ್ಲಿಸುತ್ತಾರೆ. ಮನುಷ್ಯನು ತನ್ನನ್ನು ಪರಿಶೋಧಿಸಿಕೊಳ್ಳಲಿ ಎಂಬಲ್ಲಿಗೆ ನಿಲ್ಲುತ್ತಾರೆ. ವಾಕ್ಯ ಅಲ್ಲಿ ಮುಗಿಯುವುದಿಲ್ಲ: ಪರಿಶೋಧಿಸಿಕೊಂಡು ಆ ರೊಟ್ಟಿಯನ್ನು ತಿನ್ನಲಿ, ಆ ಪಾತ್ರೆಯಲ್ಲಿ ಕುಡಿಯಲಿ. ಪರಿಶೋಧನೆ ಊಟಕ್ಕೆ ಮುಂಚೆ ಕೈ ತೊಳೆದ ಹಾಗೆ. ಕೈ ಕೊಳೆಯಾಗಿದೆ ಎಂದು ಕಂಡವರು ತೊಳೆದುಕೊಂಡು ಎಲೆಗೆ ಬರುತ್ತಾರೆ, ಉಪವಾಸ ಮಲಗುವುದಿಲ್ಲ.

ಹೀಗೆ ಓದಿದಾಗ ಈ ಅಧ್ಯಾಯ ನಿಮ್ಮನ್ನು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಪಾಲಿಗೆ ಹಸಿದು ಕಾಯುತ್ತಿರುವವರು ಯಾರು? ಉತ್ತರ ನಿಮ್ಮ ಪತ್ರದಲ್ಲೇ ಇದೆ. ತಂಗಿ.

ಇಲ್ಲಿ ನಾನು ಮೃದುವಾಗಿ ಹೇಳಿದರೆ ನಿಮಗೆ ಉಪಕಾರವಾಗುವುದಿಲ್ಲ. ಈ ವಿಷಯದಲ್ಲಿ ನಿಮ್ಮ ಮನಸ್ಸಾಕ್ಷಿ ಸುಳ್ಳು ಹೇಳುತ್ತಿಲ್ಲ. ಮಾಡಿದ ತಪ್ಪಿಗೆ ಮೊತ್ತ ಇದೆ, ಹೆಸರಿದೆ, ವರ್ಷ ಇದೆ. ದೇವರ ಹತ್ತಿರ ನೂರು ಸಲ ಹೇಳಿ, ತಂಗಿಯ ಹತ್ತಿರ ಒಂದು ಸಲವೂ ಹೇಳದಿದ್ದರೆ ಸಮಾಧಾನ ಎರಡು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂದು ಯೇಸು ಹೇಳಿದ್ದು (ಮತ್ತಾಯ 5:23–24) ಇಂಥ ಸಂದರ್ಭಕ್ಕೇ.

ಹೇಗೆ ಹೇಳಬೇಕು? ಫೋನಿನಲ್ಲಿ ಬೇಡ, ವಾಟ್ಸಾಪಿನಲ್ಲಂತೂ ಖಂಡಿತ ಬೇಡ. ಮನೆಗೆ ಹೋಗಿ. ಮೊದಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ‘ನೀನು ಕೊಟ್ಟ 40,000 ನಾನು ವಾಪಸ್ ಕೊಟ್ಟಿಲ್ಲ. ಕೇಳಿದಾಗಲೆಲ್ಲ ಸುಳ್ಳು ಹೇಳಿದೆ. ತಪ್ಪು ನನ್ನದು. ತಿಂಗಳಿಗೆ 5,000ದಂತೆ ಎಂಟು ತಿಂಗಳಲ್ಲಿ ತೀರಿಸುತ್ತೇನೆ, ಮೊದಲ ಕಂತು ಇಗೋ.’ ಇಷ್ಟೇ. 5,000 ಆಗದಿದ್ದರೆ 2,500 ಎನ್ನಿ, ಹದಿನಾರು ತಿಂಗಳಾಗುತ್ತದೆ. ಆಗುವಷ್ಟನ್ನೇ ಹೇಳಿ, ಹೇಳಿದ ಮೇಲೆ ತಪ್ಪಬೇಡಿ. ಈ ಮಾತುಗಳಲ್ಲಿ ‘ಆದರೆ’ ಎಂಬ ಪದ ಬಂದರೆ ಹೊಡೆದುಹಾಕಿ, ಅದರ ಹಿಂದೆ ಬರುವುದೆಲ್ಲ ಸಬೂಬು.

ಇನ್ನೊಂದು ಕಡೆಯೂ ಜನ ಎಡವುತ್ತಾರೆ. ತಪ್ಪೊಪ್ಪಿಕೊಳ್ಳಲು ಹೋಗಿ ಗೋಳೋ ಎಂದು ಅತ್ತು, ನಾನೊಬ್ಬ ನೀಚ ಎಂದು ಎದೆ ಬಡಿದುಕೊಂಡರೆ ನೊಂದ ತಂಗಿಯೇ ನಿಮ್ಮನ್ನು ಸಂತೈಸಬೇಕಾಗುತ್ತದೆ. ಅದು ಅವಳ ಮೇಲೆ ಎರಡನೆಯ ಹೊರೆ. ಅವಳು ಕೂಡಲೇ ಕ್ಷಮಿಸಬೇಕೆಂದೂ ಕೇಳಬೇಡಿ. ಅವಳಿಗೆ ಮೂರು ವರ್ಷದ ಸಿಟ್ಟಿದೆ, ಅದಕ್ಕೂ ಸಮಯ ಬೇಕು.

ಹಾಗಾದರೆ ಪೂರ್ತಿ ತೀರಿಸುವ ತನಕ ಕರ್ತನ ಭೋಜನಕ್ಕೆ ಕಾಯಬೇಕೇ? ಬೇಡ. ಲೂಕ 19ರಲ್ಲಿ ಸುಂಕ ವಸೂಲಿಗಾರ ಜಕ್ಕಾಯನ ಪ್ರಸಂಗ ನಡೆಯುವ ಕ್ರಮ ಗಮನಿಸಿ. ಯೇಸು ಮೊದಲು ಅವನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ ಎನ್ನುತ್ತಾನೆ. ಜಕ್ಕಾಯ ಸಂತೋಷದಿಂದ ಬರಮಾಡಿಕೊಳ್ಳುತ್ತಾನೆ. ಅನ್ಯಾಯವಾಗಿ ಎತ್ತಿದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂಬ ಮಾತು ಬರುವುದು ಆಮೇಲೆ. ಈಹೊತ್ತೇ ಈ ಮನೆಗೆ ರಕ್ಷಣೆಯಾಯಿತು ಎಂದು ಯೇಸು ಹೇಳುವಾಗ ಇನ್ನೂ ಒಂದು ಕಾಸೂ ಯಾರ ಕೈಗೂ ಸೇರಿರಲಿಲ್ಲ. ಮೊದಲ ಕಂತು ಕೊಟ್ಟ ಮೇಲೆ ಬರುವ ಕರ್ತನ ಭೋಜನದ ಭಾನುವಾರ ನಿಮ್ಮದು.

ಇನ್ನು ಅಪ್ಪನ ಮಾತು. ಇದು ಆಳವಾದದ್ದು, ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ ಮನೆಗಳಲ್ಲಿ ‘ಅಯೋಗ್ಯ’ ಎಂಬುದು ಬೈಗುಳ. ಮಾರ್ಕ್ಸ್ ಕಡಿಮೆ ಬಂದರೆ ಅಯೋಗ್ಯ, ಹಾಲು ಉಕ್ಕಿಸಿದರೆ ಅಯೋಗ್ಯ. ಆ ಪದದಲ್ಲಿ ‘ತೊಲಗು’ ಎಂಬ ಅರ್ಥ ಸೇರಿಕೊಂಡಿರುತ್ತದೆ. ಆಮೇಲೆ ಪುಲ್ಪಿಟ್ಟಿನಿಂದ ಅದೇ ಪದ ಕೇಳಿದರೆ ದೇವರ ಬಾಯಲ್ಲಿ ಅಪ್ಪನ ಧ್ವನಿ ಕೂತುಬಿಡುತ್ತದೆ. ಬೆಂಗಳೂರಿನ ಬದುಕೂ ಅದಕ್ಕೆ ನೀರೆರೆಯುತ್ತದೆ: ಪಿಯುಸಿ ಪರ್ಸೆಂಟೇಜು, ಇಂಟರ್‌ವ್ಯೂ, ವರ್ಷಕ್ಕೊಮ್ಮೆ ಅಪ್ರೈಸಲ್, ಬಾಡಿಗೆ ಮನೆ ಕೇಳಲು ಹೋದರೂ ಅಲ್ಲೊಂದು ಅರ್ಹತೆ ಪರೀಕ್ಷೆ. ಎಲ್ಲ ಕಡೆ ಯೋಗ್ಯರು ಒಳಗೆ, ಅಯೋಗ್ಯರು ಹೊರಗೆ.

ಸುವಾರ್ತೆಗಳಲ್ಲಿ ಈ ಪದ ಬರುವ ಜಾಗಗಳು ಬೇರೆಯೇ ಥರ ಇವೆ. ಗ್ರೀಕಿನಲ್ಲಿ ‘ಯೋಗ್ಯ’ಕ್ಕೆ ‘ಅಕ್ಸಿಯೊಸ್’ ಎಂಬ ಪದ ಇದೆ. ಅದು ಮೂಲದಲ್ಲಿ ತಕ್ಕಡಿಯ ಪದ: ಸರಿತೂಗುವುದು. ಲೂಕ 7ರಲ್ಲಿ ಕಪೆರ್ನೌಮ್ ಊರಿನ ಶತಾಧಿಪತಿಯ, ಅಂದರೆ ನೂರು ಸೈನಿಕರ ಮೇಲಿನ ಅಧಿಕಾರಿಯ, ಆಳಿಗೆ ಕಾಯಿಲೆ. ಯೆಹೂದ್ಯರ ಹಿರಿಯರು ಬಂದು ಯೇಸುವಿಗೆ ಶಿಫಾರಸು ಮಾಡುತ್ತಾರೆ: ಅವನು ಯೋಗ್ಯ, ನಮ್ಮ ಜನರನ್ನು ಪ್ರೀತಿಸುತ್ತಾನೆ, ನಮಗೆ ಸಭಾಮಂದಿರ ಕಟ್ಟಿಸಿಕೊಟ್ಟಿದ್ದಾನೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಕಟ್ಟಡವನ್ನೇ ಇಟ್ಟರು. ಆದರೆ ಆ ಶತಾಧಿಪತಿ ಸ್ನೇಹಿತರ ಕೈಲಿ ಹೇಳಿಕಳಿಸಿದ್ದೇ ಬೇರೆ: ನೀನು ನನ್ನ ಮನೆಯೊಳಗೆ ಬರುವಷ್ಟು ಯೋಗ್ಯತೆ ನನಗಿಲ್ಲ, ಒಂದು ಮಾತು ಹೇಳು, ಸಾಕು. ಯೇಸು ಬೆರಗಾದದ್ದು ಹಿರಿಯರ ಪಟ್ಟಿಗಲ್ಲ. ತಾನು ತೂಗುವುದಿಲ್ಲ ಎಂದು ಗೊತ್ತಿದ್ದೂ ಕೇಳಿದವನ ನಂಬಿಕೆಗೆ. ಆಳು ಗುಣವಾದ.

ಅದೇ ಸುವಾರ್ತೆಯ 15ನೆಯ ಅಧ್ಯಾಯಕ್ಕೆ ಹೋಗಿ, ಅಪ್ಪನಿಂದ ಪಾಲು ತೆಗೆದುಕೊಂಡು ಹೋಗಿ ಹಾಳುಮಾಡಿ, ಹಂದಿ ಮೇಯಿಸುವ ಸ್ಥಿತಿಗೆ ಬಂದ ತಪ್ಪಿಹೋದ ಮಗನ ಕಥೆ. ಇದನ್ನು ಇಂದು ರಾತ್ರಿ ಪೆನ್ಸಿಲ್ ಹಿಡಿದು ಓದಿ, ಹತ್ತು ನಿಮಿಷ ಸಾಕು. 18 ಮತ್ತು 19ರಲ್ಲಿ ಮಗ ಹಂದಿಗಳ ನಡುವೆ ಕೂತು ಮಾತು ಸಿದ್ಧಮಾಡಿಕೊಳ್ಳುತ್ತಾನೆ. ಮೂರು ಮಾತು: ಪಾಪ ಮಾಡಿದ್ದೇನೆ, ನಿನ್ನ ಮಗ ಎನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ನಿನ್ನ ಕೂಲಿಯಾಳುಗಳಲ್ಲಿ ಒಬ್ಬನ ಹಾಗೆ ಇಟ್ಟುಕೋ. ಮೂರರ ಕೆಳಗೂ ಗೆರೆ ಎಳೆಯಿರಿ. ಈಗ 21ಕ್ಕೆ ಬನ್ನಿ, ಅಪ್ಪನ ಮುಂದೆ ನಿಂತು ಅವನು ನಿಜವಾಗಿ ಹೇಳಿದ್ದನ್ನು ಎಣಿಸಿ. ಎರಡೇ. ಮೂರನೆಯ ಮಾತು ಬಾಯಿಂದ ಹೊರಡುವ ಮುಂಚೆ ಅಪ್ಪ ಆಳುಗಳಿಗೆ ಕೂಗಿ ಹೇಳುತ್ತಿದ್ದಾನೆ: ಶ್ರೇಷ್ಠವಾದ ನಿಲುವಂಗಿ ತನ್ನಿ, ಕೈಗೆ ಉಂಗುರ, ಕಾಲಿಗೆ ಜೋಡು.

‘ಯೋಗ್ಯನಲ್ಲ’ ಎಂಬ ಮಾತನ್ನು ಅಪ್ಪ ಕೇಳಿಸಿಕೊಂಡ, ತಳ್ಳಿಹಾಕಲಿಲ್ಲ. ‘ಇಲ್ಲಪ್ಪ, ನೀನು ಯೋಗ್ಯನೇ’ ಎಂದು ಸಮಾಧಾನವನ್ನೂ ಹೇಳಲಿಲ್ಲ. ಅವನು ಹೇಳಲು ಬಿಡದೆ ಹೋದದ್ದು ಕೂಲಿಯ ಮಾತನ್ನು, ದುಡಿದು ತೀರಿಸುತ್ತೇನೆ ಎಂಬ ಕರಾರನ್ನು. ಒಂದು ವರ್ಷದಿಂದ ನೀವು ಕಡೆಯ ಬೆಂಚಿನಲ್ಲಿ ಕೂತು ಬರೆಯುತ್ತಿರುವುದು ಆ ಮೂರನೆಯ ಮಾತನ್ನೇ: ಮೊದಲು ಸರಿಯಾಗುತ್ತೇನೆ, ಆಮೇಲೆ ಬರುತ್ತೇನೆ.

ಹಾಗಾಗಿ ‘ನೀವು ಯೋಗ್ಯರೇ, ನಿಮ್ಮನ್ನು ನೀವು ಪ್ರೀತಿಸಿಕೊಳ್ಳಿ’ ಎಂದು ಯಾರಾದರೂ ಹೇಳಿದರೆ ಅದು ನಿಮಗೆ ತಾಕದೇ ಇರುವುದು ಸಹಜ. ಸುವಾರ್ತೆಯ ಸಮಾಧಾನ ಆ ದಾರಿಯಲ್ಲಿ ಬರುವುದಿಲ್ಲ. ಅರ್ಹತೆ ಬೇರೆ, ಬೆಲೆ ಬೇರೆ. ಅದೇ ಅಧ್ಯಾಯದಲ್ಲಿ ಕಳೆದುಹೋದ ಬೆಳ್ಳಿ ನಾಣ್ಯ ಮಂಚದ ಕೆಳಗೋ ಮೂಲೆಯ ಕಸದಲ್ಲೋ ಬಿದ್ದಿದೆ. ಹುಡುಕಿಸಿಕೊಳ್ಳಲು ಅದು ಏನೂ ಮಾಡಿಲ್ಲ. ಆದರೂ ಧೂಳಿನಲ್ಲಿದ್ದಾಗಲೂ ಅದರ ಬೆಲೆ ಸರಿಸುಮಾರು ಒಂದು ದಿನದ ಕೂಲಿಯೇ, ಕಡಿಮೆಯಾಗಿಲ್ಲ. ಧರ್ಮೋಪದೇಶಕಾಂಡ 7:7–8ರಲ್ಲಿ ಇಸ್ರಾಯೇಲರಿಗೆ ದೇವರು ಯಾಕೆ ಒಲಿದ ಎಂಬುದಕ್ಕೆ ಕೊಟ್ಟ ಕಾರಣವನ್ನೂ ನೋಡಿ. ನೀವು ಹೆಚ್ಚು ಮಂದಿ ಅಂತಲ್ಲ. ಪಿತೃಗಳಿಗೆ ಕೊಟ್ಟ ಮಾತಿಗಾಗಿ, ನಿಮ್ಮನ್ನು ಪ್ರೀತಿಸಿದ್ದಕ್ಕಾಗಿ. ಪ್ರೀತಿಸಿದ್ದು ಯಾಕೆ? ಪ್ರೀತಿಸಿದ್ದರಿಂದ. ತರ್ಕ ಸುತ್ತಿ ಅಲ್ಲಿಗೇ ಬರುತ್ತದೆ. ಆ ವೃತ್ತದೊಳಗೆ ನಿಮ್ಮ ಅಂಕಪಟ್ಟಿಗೆ ಜಾಗವೇ ಇಲ್ಲ, ಪಾಸಾಗಿದ್ದರೂ ಇಲ್ಲ, ಫೇಲಾಗಿದ್ದರೂ ಇಲ್ಲ. ಕನ್ನಡದಲ್ಲಿ ‘ಪ್ರೀತಿಪಾತ್ರ’ ಎನ್ನುತ್ತೇವಲ್ಲ, ಆ ‘ಪಾತ್ರ’ದ ಹಳೆಯ ಅರ್ಥ ಕುಡಿಯುವ ಪಾತ್ರೆ. ಪಾತ್ರೆಯ ಕೆಲಸ ಹಿಡಿದುಕೊಳ್ಳುವುದು, ತುಂಬುವುದು ಬೇರೆಯವರು.

ಆರಾಧನೆಯ ಕ್ರಮದಲ್ಲೇ ಇದು ಬೆಸೆದುಕೊಂಡಿದೆ. ಹಡ್ಸನ್ ಸ್ಮಾರಕ ದೇವಾಲಯವಿರಲಿ, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯವಿರಲಿ, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳ ಭೋಜನದ ಆರಾಧನೆಯಲ್ಲಿ ಒಂದು ಹಳೆಯ ಪ್ರಾರ್ಥನೆ ಇದೆ: ನಿನ್ನ ಮೇಜಿನ ಕೆಳಗೆ ಬಿದ್ದ ರೊಟ್ಟಿಯ ಚೂರುಗಳನ್ನು ಆರಿಸಿಕೊಳ್ಳಲೂ ನಾವು ಯೋಗ್ಯರಲ್ಲ ಎಂಬ ಅರ್ಥದ್ದು. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ, ಎಲ್ಲ ಕಥೋಲಿಕ ಬಲಿಪೂಜೆಗಳಲ್ಲಿ, ಪರಮಪ್ರಸಾದಕ್ಕೆ (ಕರ್ತನ ಭೋಜನಕ್ಕೆ ಅವರಲ್ಲಿರುವ ಹೆಸರು) ಹೊರಡುವ ಮುಂಚೆ ಆ ಶತಾಧಿಪತಿಯ ಮಾತನ್ನೇ ಇಡೀ ಸಭೆ ತನ್ನ ಮಾತಾಗಿ ಹೇಳುತ್ತದೆ. ಆ ಮಾತು ಹೇಳಿದ ಮೇಲೆ ಯಾರೂ ಮನೆಗೆ ಹೋಗುವುದಿಲ್ಲ; ಎದ್ದು ಮುಂದಕ್ಕೆ ಹೋಗುತ್ತಾರೆ. ‘ಯೋಗ್ಯನಲ್ಲ’ ಎನ್ನುವುದು ಹೊಸ್ತಿಲು ದಾಟುವಾಗಿನ ಮಾತು. ನೀವು ಅದನ್ನು ಚಿಲಕ ಮಾಡಿಕೊಂಡಿದ್ದೀರಿ.

ಕಥೋಲಿಕ ಓದುಗರಿಗೆ ಇಲ್ಲೊಂದು ಮಾತು ಸೇರಿಸಬೇಕು. ಗಂಭೀರ ಪಾಪದ ಅರಿವಿದ್ದರೆ ಪರಮಪ್ರಸಾದಕ್ಕೆ ಮುಂಚೆ ಗುರುಗಳ ಬಳಿ ಪಾಪನಿವೇದನೆ ಮಾಡಬೇಕು ಎಂಬುದು ಧರ್ಮಸಭೆಯ ನಿಯಮ. ಆದರೆ ಅಂಥ ಪಾಪ (ಮಾರಕ ಪಾಪ) ಎನ್ನಲು ಮೂರೂ ಒಟ್ಟಿಗೆ ಬೇಕು: ವಿಷಯ ಗಂಭೀರವಾಗಿರಬೇಕು, ಪೂರ್ಣ ಅರಿವಿರಬೇಕು, ಬೇಕೆಂದೇ ಮಾಡಿರಬೇಕು. ಕ್ಷುಲ್ಲಕವಾದ ಒಂದೊಂದಕ್ಕೂ ಹಿಂದೆ ಸರಿಯುವುದು ಧರ್ಮಸಭೆಯೂ ಕೇಳದ ಕಟ್ಟುನಿಟ್ಟು.

ತಂಗಿಗೆ ಹೇಳಿ, ಕಂತು ಶುರು ಮಾಡಿದ ಮೇಲೂ ಮನಸ್ಸು ಚುಚ್ಚುತ್ತಿದ್ದರೆ ಒಂದು ಪರೀಕ್ಷೆ ಮಾಡಿ. ಚುಚ್ಚುವ ಮಾತನ್ನು ಕಾಗದದ ಮೇಲೆ ಒಂದು ವಾಕ್ಯದಲ್ಲಿ ಬರೆಯಿರಿ: ಯಾರಿಗೆ, ಏನು, ಯಾವಾಗ. ‘ನಿನ್ನೆ ಆಫೀಸಿನಲ್ಲಿ ಹೊಸ ಹುಡುಗನನ್ನು ಎಲ್ಲರ ಮುಂದೆ ಅವಮಾನಿಸಿದೆ’ ಎಂದು ಬರೆಯಲು ಬಂದರೆ ಅದು ಮನಸ್ಸಾಕ್ಷಿ. ಕ್ಷಮೆ ಬೇಡಿ, ಸರಿಪಡಿಸಿ. ‘ನಾನು ಕೆಟ್ಟವನು, ನನ್ನಿಂದ ಏನೂ ಆಗುವುದಿಲ್ಲ’ ಎಂದಷ್ಟೇ ಬರೆಯಲು ಬಂದರೆ ಅಲ್ಲಿ ಒಪ್ಪಿಕೊಳ್ಳುವಂಥದ್ದು ಏನೂ ಇಲ್ಲ. ಆ ವಾಕ್ಯದ ಪಕ್ಕದಲ್ಲಿ ಅದನ್ನು ಮೊದಲು ಹೇಳಿದವರು ಯಾರು ಎಂದು ಬರೆಯಿರಿ. ಅಲ್ಲಿ ಅಪ್ಪನ ಹೆಸರು ಬಂದರೆ ಆಶ್ಚರ್ಯಪಡಬೇಡಿ. ಅದಕ್ಕೆ ಕ್ಷಮೆ ಬೇಡುತ್ತಾ ಹೋದರೆ ಸುಳ್ಳು ಆಪಾದನೆಗೆ ನೀವೇ ಸಹಿ ಹಾಕಿದಂತೆ. ಅಂಥ ಹೊತ್ತಿಗೆ 1 ಯೋಹಾನ 3:20 ಇದೆ: ನಮ್ಮ ಮನಸ್ಸೇ ನಮ್ಮನ್ನು ದೋಷಿ ಎಂದರೂ ದೇವರು ನಮ್ಮ ಮನಸ್ಸಿಗಿಂತ ದೊಡ್ಡವನು.

ಒಮ್ಮೆ ಒಪ್ಪಿಕೊಂಡ ಪಾಪವನ್ನು ಮತ್ತೆ ಒಪ್ಪಿಕೊಳ್ಳಬೇಡಿ. ಅದು ನೆನಪಾದರೆ ‘ಕ್ಷಮಿಸಿದ್ದಕ್ಕೆ ಸ್ತೋತ್ರ’ ಎಂದು ಹೇಳಿ ಕೈಲಿದ್ದ ಕೆಲಸಕ್ಕೆ ಮರಳಿ. ಇದು ಸಣ್ಣ ಸಲಹೆಯ ಹಾಗೆ ಕಾಣುತ್ತದೆ, ಆದರೆ ಇದಿಲ್ಲದೆ ಎಷ್ಟೋ ಪ್ರಾಮಾಣಿಕರು ನರಳಿದ್ದಾರೆ. ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲಾದ ಇಗ್ನೇಷಿಯಸ್ 1522ರಲ್ಲಿ ಸ್ಪೇನಿನ ಮೊಂಟ್ಸೆರಾಟಿನಲ್ಲಿ ಬದುಕಿನ ಪಾಪಗಳನ್ನೆಲ್ಲ ಬರೆದು ಮೂರು ದಿನ ಪಾಪನಿವೇದನೆ ಮಾಡಿದ. ಆಮೇಲೂ ಏನೋ ಬಿಟ್ಟುಹೋಯಿತು ಎಂಬ ಅನುಮಾನ ತೀರಲಿಲ್ಲ. ಬಹಳ ಸ್ಪಷ್ಟವಾಗಿದ್ದರೆ ಮಾತ್ರ ಹಳೆಯದನ್ನು ಹೇಳು ಎಂದು ಗುರುಗಳು ಅಪ್ಪಣೆ ಮಾಡಿದರು. ಅವನಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿದ್ದುದರಿಂದ ಆ ಅಪ್ಪಣೆಯಿಂದ ಪ್ರಯೋಜನವಾಗಲಿಲ್ಲ. ಬದುಕೇ ಬೇಡ ಅನಿಸುವಷ್ಟು ನರಳಿದ. ಕಡೆಗೆ ಹಳೆಯ ಪಾಪಗಳನ್ನು ಇನ್ನೆಂದೂ ನಿವೇದಿಸುವುದಿಲ್ಲ ಎಂದು ತೀರ್ಮಾನಿಸಿದ ಮೇಲೆ ಬಿಡುಗಡೆಯಾಯಿತು.

ಒಪ್ಪಿಕೊಂಡದ್ದನ್ನೇ ದಿನಕ್ಕೆ ಹತ್ತು ಸಲ ಒಪ್ಪಿಕೊಳ್ಳದೆ ಇರಲಾಗದು, ಪ್ರಾರ್ಥನೆಯ ಪದ ತಪ್ಪಿದರೆ ಮೊದಲಿಂದ ಶುರು ಮಾಡಲೇಬೇಕು, ‘ನಾನು ಕ್ಷಮಿಸಲ್ಪಟ್ಟಿದ್ದೇನಾ’ ಎಂದು ಪದೇ ಪದೇ ಯಾರನ್ನಾದರೂ ಕೇಳಬೇಕು ಅನಿಸುತ್ತಿದ್ದರೆ ಅದು ಗೀಳುರೋಗದ ಲಕ್ಷಣ ಇರಬಹುದು. ಅದಕ್ಕೆ ಹೆಚ್ಚು ಹೆಚ್ಚು ಭರವಸೆ ಕೊಟ್ಟಷ್ಟೂ ಕೇಳುವ ಹಸಿವು ಹೆಚ್ಚುತ್ತದೆ, ತುರಿಕೆಯನ್ನು ಕೆರೆದ ಹಾಗೆ. ಹಾಗೆಯೇ ಎರಡು ವಾರಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ದಿನವಿಡೀ ನಾನು ನಿಷ್ಪ್ರಯೋಜಕ ಅನಿಸಿ, ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಖಿನ್ನತೆಯ ಪರೀಕ್ಷೆ ಆಗಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ನಿಮ್ಮ ಊರಲ್ಲೇ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ಮಾತಾಡಬಹುದು. ಸಾಯಬೇಕು ಎಂಬ ಯೋಚನೆ ಬಂದರೆ ಆ ಕ್ಷಣವೇ ಮಾಡಿ. ಔಷಧಿ ತೆಗೆದುಕೊಳ್ಳುವುದು ನಂಬಿಕೆಯ ಕೊರತೆ ಎನ್ನುವವರ ಮಾತು ಕೇಳಬೇಡಿ. ಶಾಪ ತೆಗೆಯುತ್ತೇನೆ, ಇಷ್ಟು ಕಾಣಿಕೆ ಕೊಡು ಎನ್ನುವವರ ಹತ್ತಿರವಂತೂ ಹೋಗಲೇಬೇಡಿ. ಕೃಪೆಗೆ ದರ ಹಾಕುವವರು ಅದನ್ನು ಕೊಡಲಾರರು.

ಯೇಸುವಿನ ಶಿಷ್ಯ ಪೇತ್ರನನ್ನು ನೆನೆಯದೆ ಮುಗಿಸಲಾರೆ. ಲೂಕ 5ರಲ್ಲಿ ಬಲೆ ಹರಿಯುವಷ್ಟು ಮೀನು ಸಿಕ್ಕಾಗ ಅವನು ಯೇಸುವಿನ ಮೊಣಕಾಲಿಗೆ ಬಿದ್ದು, ನಾನು ಪಾಪಿ, ನನ್ನನ್ನು ಬಿಟ್ಟು ಹೋಗು ಎನ್ನುತ್ತಾನೆ. ಯೋಹಾನ 21ರಲ್ಲಿ ಅದೇ ಮನುಷ್ಯ, ಮತ್ತೆ ಬಲೆ ತುಂಬ ಮೀನು, ಈ ಸಲ 153. ಈ ಸಲ ಅವನ ಪಾಪವೂ ದೊಡ್ಡದು: ಗುರುವನ್ನು ಮೂರು ಸಲ ಅಲ್ಲಗಳೆದು ಬಂದಿದ್ದಾನೆ. ಆದರೂ ದಡದಲ್ಲಿರುವುದು ಕರ್ತನು ಎಂದು ಗೊತ್ತಾದ ಕೂಡಲೇ ಮೇಲಂಗಿ ಸುತ್ತಿಕೊಂಡು ನೀರಿಗೆ ಧುಮುಕುತ್ತಾನೆ, ಅವನ ಕಡೆಗೆ. ದಡದಲ್ಲಿ ಇದ್ದಲ ಬೆಂಕಿ, ರೊಟ್ಟಿ, ಮೀನು. ಇದ್ದಲ ಬೆಂಕಿಗೆ ಇರುವ ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ: ಇಲ್ಲಿ, ಮತ್ತು ಪೇತ್ರ ಚಳಿ ಕಾಯಿಸಿಕೊಳ್ಳುತ್ತಾ ಅಲ್ಲಗಳೆದ ಆ ರಾತ್ರಿ (18:18). ಯೇಸು ಆ ನೆನಪನ್ನು ಮುಚ್ಚಿಡಲಿಲ್ಲ. ಅದೇ ಬೆಂಕಿಯ ಪಕ್ಕದಲ್ಲಿ ಮೊದಲು ತಿಂಡಿ ಕೊಟ್ಟ, ಪ್ರಶ್ನೆ ಕೇಳಿದ್ದು ಆಮೇಲೆ.

ಮುಂದಿನ ಭೋಜನದ ಭಾನುವಾರಕ್ಕೆ ಹೀಗೆ ಮಾಡಿ. ಆ ವಾರ ಸಭಾಪಾಲಕರನ್ನು ಕಂಡು, ಒಂದು ವರ್ಷದಿಂದ ತೆಗೆದುಕೊಂಡಿಲ್ಲ ಎಂದಷ್ಟು ಹೇಳಿಡಿ, ಪೂರ್ತಿ ಕಥೆ ಬೇಕಿಲ್ಲ. ಕಡೆಯ ಬೆಂಚು ಬಿಟ್ಟು ನಡುವೆ ಕೂತುಕೊಳ್ಳಿ, ಸಾಲು ಎದ್ದಾಗ ಜೊತೆಗೆ ಏಳುವುದು ಸುಲಭವಾಗುತ್ತದೆ. ಚೂರುಗಳ ಪ್ರಾರ್ಥನೆಯನ್ನು ಎಲ್ಲರ ಜೊತೆ ಬಾಯಿಬಿಟ್ಟು ಹೇಳಿ. ಮೊಣಕಾಲೂರಿ ಅಂಗೈ ಮೇಲೆ ಅಂಗೈ ಇಟ್ಟು ಚಾಚಿ; ಕೈ ನಡುಗಿದರೆ ನಡುಗಲಿ. ಆಮೇಲೆ ಎದೆಯಲ್ಲಿ ಬೆಚ್ಚಗಾಗದೆ, ಏನೂ ಅನಿಸದೆ ಮನೆಗೆ ಬಂದರೆ ಗಾಬರಿಯಾಗಬೇಡಿ, ಯಾವುದೂ ತಪ್ಪಿಲ್ಲ. ಅನಿಸಿತೇ ಇಲ್ಲವೇ ಎಂದು ಒಳಗೊಳಗೇ ಅಳೆಯುತ್ತಾ ಕೂರಬೇಡಿ. ಮಧ್ಯಾಹ್ನ ಎಲ್ಲರ ಜೊತೆ ಕೂತು ಊಟ ಮಾಡಿ. ಸಂಬಳ ಬಂದ ದಿನ ತಂಗಿಗೆ ಎರಡನೆಯ ಕಂತು ಕಳಿಸಿ.